ಪೂಜೆ ಉಂಟು, ಪಾಠವಿಲ್ಲ

ಸಂವಿಧಾನ ಜಾರಿಗೆ ಬಂದು 75 ವರ್ಷ ದಾಟಿದವು. ಇಷ್ಟು ವರ್ಷಗಳಲ್ಲಿ ನಮ್ಮ ಪ್ರಾಥಮಿಕ ಶಾಲೆಗಳು ದೇವರು, ಪೂಜೆ, ಹಬ್ಬ, ನಂಬಿಕೆಗಳ ಬಗ್ಗೆ ಮಕ್ಕಳಿಗೆ ಏನು ಕಲಿಸಿದವು ಎಂದು ಹಿಂತಿರುಗಿ ನೋಡಿದರೆ ಲೆಕ್ಕ ತಲೆಕೆಳಗಾಗಿರುವುದು ಕಾಣುತ್ತದೆ. ಕಾನೂನು ಯಾವುದರ ಬಗ್ಗೆ ಎಚ್ಚರ ಹೇಳಿತ್ತೋ ಅದನ್ನು ಯೋಚಿಸದೆ ಮಾಡುತ್ತ ಬಂದಿದ್ದೇವೆ. ಯಾವುದಕ್ಕೆ ಅಡ್ಡಿಯೇ ಇರಲಿಲ್ಲವೋ ಅದಕ್ಕೆ ಕೈ ಹಾಕಿಲ್ಲ. ಶಾಲೆಯಲ್ಲಿ ಪೂಜೆ ನಡೆಯುತ್ತದೆ. ಪೂಜೆಯ ಬಗ್ಗೆ ಪಾಠ ನಡೆಯುವುದಿಲ್ಲ.

ಈ ಮಾತನ್ನು ಉಣಕಲ್ಲಿನಿಂದ ಹೇಳುವುದಕ್ಕೆ ಕಾರಣವಿದೆ. ಹುಬ್ಬಳ್ಳಿ-ಧಾರವಾಡ ಮಹಾನಗರದೊಳಗೆ ಸೇರಿಹೋದರೂ ಉಣಕಲ್ ತನ್ನ ಊರತನ ಬಿಟ್ಟುಕೊಟ್ಟಿಲ್ಲ. ದೊಡ್ಡ ರಸ್ತೆಯಲ್ಲಿ ಚಿಗರಿ ಬಸ್ಸು ಓಡುತ್ತದೆ, ಕೆರೆಯ ನಡುವೆ ವಿವೇಕಾನಂದರ ಮೂರ್ತಿ ನಿಂತಿದೆ, ಊರೊಳಗೆ ಸಿದ್ದಪ್ಪಜ್ಜನ ಮಠಕ್ಕೆ ಭಕ್ತರು ಬಂದುಹೋಗುತ್ತಾರೆ. ಮನೆಗಳ ಸಂದಿಯಲ್ಲಿ, ಗೋಡೆಗೆ ಗೋಡೆ ಹತ್ತಿದಷ್ಟು ಸಮೀಪದಲ್ಲಿ, ಕಲ್ಯಾಣ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದೆ. ಇಲ್ಲಿಯ ಆರು ವರ್ಷದ ಮಗು ಶಾಲೆ ಮುಟ್ಟುವುದರೊಳಗೆ ಇಷ್ಟನ್ನೂ ಕಣ್ಣಾರೆ ಕಂಡಿರುತ್ತದೆ. ಕೊರಳಲ್ಲಿ ಲಿಂಗ ಇರುವ ಅಜ್ಜನನ್ನು, ಮಂಗಳವಾರ ದ್ಯಾಮವ್ವಗೆ ಎಡೆ ಒಯ್ಯುವ ಅವ್ವನನ್ನು, ಶುಕ್ರವಾರ ನಮಾಜಿಗೆ ಹೋಗುವ ಓಣಿಯ ಕಾಕಾನನ್ನು ನೋಡಿಯೇ ಬೆಳೆದಿರುತ್ತದೆ. ಇವೆಲ್ಲ ಏನು, ಯಾಕೆ ಎಂದು ವಿವರಿಸಿ ಹೇಳುವವರು ಮಾತ್ರ ಆ ಮಗುವಿಗೆ ಮನೆಯಲ್ಲೂ ಇಲ್ಲ, ಶಾಲೆಯಲ್ಲೂ ಇಲ್ಲ.

ಹಿಂದೆ ಹೀಗಿರಲಿಲ್ಲ ಎನ್ನುವವರಿದ್ದಾರೆ. ಗಾಂವಠಿ ಸಾಲಿಯಲ್ಲಿ ಮರಳಿನ ಮೇಲೆ ಓಂಕಾರ ತಿದ್ದಿಯೇ ಅಕ್ಷರ ಆರಂಭವಾಗುತ್ತಿತ್ತು, ಸ್ತೋತ್ರ ಬಾಯಿಪಾಠವಾಗುತ್ತಿತ್ತು, ನಿಜ. ಆದರೆ ಆ ಸಾಲಿಯ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಇಲ್ಲವೇ ಇಲ್ಲ. ಅರ್ಥ ಕೇಳುವ ರೂಢಿಯೂ ಅಲ್ಲಿರಲಿಲ್ಲ. ಅದನ್ನು ಮರಳಿ ತರಬೇಕೆಂದು ಹಂಬಲಿಸುವುದು ನಮಗೆ ಸರಿ ಕಾಣುವುದಿಲ್ಲ.

ಆಮೇಲೆ ಬಾಸೆಲ್ ಮಿಶನ್ ಬಂತು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆ ಹೂಡಿದ ಮಿಶನರಿಗಳು ಕನ್ನಡದಲ್ಲೇ ಶಾಲೆ ತೆರೆದರು. ಅವರಲ್ಲೊಬ್ಬರಾದ ಕಿಟೆಲ್ ಅವರು 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿ ‘ಕಥಾಮಾಲೆ’ ಕಟ್ಟಿದರು. ಆ ಶಾಲೆಗಳ ಗುರಿಯ ಬಗ್ಗೆ ಊರಿನವರಿಗೆ ಅನುಮಾನವಿತ್ತು, ಅದು ಸಹಜ. ಅವರ ಕೆಲಸದಲ್ಲಿ ಕಲಿಯುವಂಥದೂ ಇತ್ತು. ತಮ್ಮ ನಂಬಿಕೆಯನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ, ಕಥೆಯಲ್ಲಿ, ಚಿತ್ರದಲ್ಲಿ ಹೇಗೆ ಹೇಳಬೇಕೆಂದು ಅವರು ತಲೆ ಕೆಡಿಸಿಕೊಂಡಿದ್ದರು. ನಾವು ಆ ಕಷ್ಟ ತೆಗೆದುಕೊಂಡದ್ದು ಕಡಿಮೆ.

ಸರಕಾರಿ ಶಾಲೆಯ ಹಾದಿ ಬೇರೆಯಾಯಿತು. 1854ರ ವುಡ್ ಅವರ ಆದೇಶಪತ್ರ ಸರಕಾರಿ ಶಾಲೆಗಳ ಶಿಕ್ಷಣ ಪೂರ್ತಿ ಲೌಕಿಕವಾಗಿರಬೇಕೆಂದು ಗೊತ್ತುಪಡಿಸಿತು. ಬೈಬಲ್ ಬೇಕಾದರೆ ಗ್ರಂಥಾಲಯದಲ್ಲಿರಲಿ, ಕುತೂಹಲ ಇದ್ದ ವಿದ್ಯಾರ್ಥಿ ಶಾಲೆಯ ಹೊತ್ತಿನಾಚೆ ಮಾಸ್ತರರನ್ನು ಕೇಳಲಿ ಎಂಬುದು ಅದರ ನಿಲುವು. ನಮ್ಮ ಶಾಲೆಗಳ ಇಂದಿನ ಮೌನದ ಬೇರು ಅಲ್ಲಿದೆ. ಪರದೇಶದ ಆಳರಸರಿಗೆ ದಂಗೆಯ ಭಯವಿತ್ತು, ಅವರು ಸುಮ್ಮನಿರುವುದನ್ನು ಆರಿಸಿಕೊಂಡರು. ಸ್ವತಂತ್ರ ದೇಶಕ್ಕೂ ಅದೇ ಮೌನ ಬೇಕಿತ್ತೇ?

ಸಂವಿಧಾನ ಬರೆದವರು ಈ ಪ್ರಶ್ನೆಯನ್ನು ಎದುರಿಸಿದ್ದರು. 1948ರ ಡಿಸೆಂಬರಿನಲ್ಲಿ ಈಗಿನ 28ನೇ ವಿಧಿಯ ಕರಡು ಚರ್ಚೆಗೆ ಬಂದಾಗ ಸರಕಾರಿ ಶಾಲೆಯಲ್ಲಿ ಧಾರ್ಮಿಕ ಬೋಧನೆ ಯಾಕೆ ಬೇಡ ಎಂಬುದಕ್ಕೆ ಅಂಬೇಡ್ಕರರು ತಮ್ಮ ಕಾರಣಗಳನ್ನು ಬಿಚ್ಚಿ ಹೇಳಿದರು. ಎಲ್ಲರ ತೆರಿಗೆಯ ದುಡ್ಡಿನಲ್ಲಿ ಒಂದು ಧರ್ಮದ ಬೋಧನೆ ನ್ಯಾಯವಲ್ಲ. ಇಷ್ಟೊಂದು ಧರ್ಮಗಳಿರುವಲ್ಲಿ ಪ್ರತಿಯೊಂದಕ್ಕೂ ಏರ್ಪಾಡು ಮಾಡುವುದು ಆಗುವ ಮಾತಲ್ಲ. ತನ್ನದೊಂದೇ ದಾರಿ ಎನ್ನುವ ಬೋಧನೆಗಳು ತರಗತಿಯ ಶಾಂತಿ ಕೆಡಿಸುತ್ತವೆ. ಇಷ್ಟು ಹೇಳಿದವರೇ ಮತವನ್ನು ಬೋಧಿಸುವುದು ಬೇರೆ, ಅದನ್ನು ಅಧ್ಯಯನ ಮಾಡುವುದು ಬೇರೆ ಎಂದೂ ಬಿಡಿಸಿ ಹೇಳಿದ್ದರು. ಇದೇ ಗೆರೆಯನ್ನು ಸುಪ್ರೀಂ ಕೋರ್ಟು 2002ರ ಅರುಣಾ ರಾಯ್ ಪ್ರಕರಣದಲ್ಲಿ ಮತ್ತೆ ಎಳೆಯಿತು: ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡುವುದಕ್ಕೆ 28ನೇ ವಿಧಿ ಅಡ್ಡ ಬರುವುದಿಲ್ಲ.

ಅದೇ ವಿಧಿಯ ಮೂರನೆಯ ಖಂಡವನ್ನು ನಮ್ಮಲ್ಲಿ ಓದಿದವರು ಕಡಿಮೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ನಡೆಯುವ ಪೂಜೆ, ಪ್ರಾರ್ಥನೆಗೆ ಮಗು ಹಾಜರಿರಲೇಬೇಕೆಂದು ಹೇಳುವಂತಿಲ್ಲ, ಅದಕ್ಕೆ ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ ಅದು. ಪಾಲಕರನ್ನು ಕೇಳಿ ಶಾರದಾ ಪೂಜೆ ಮಾಡಿದ ಶಾಲೆಯನ್ನು ನಾವಂತೂ ಕಂಡಿಲ್ಲ.

ನಮ್ಮ ಭಾಗದ ಶಾಲೆಗಳಲ್ಲಿ ಶಾರದಾ ಪೂಜೆ ಹೇಗೆ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ. ವರ್ಷದ ಕೊನೆಗೆ ಹಿರಿಯ ತರಗತಿಯ ಮಕ್ಕಳನ್ನು ಬೀಳ್ಕೊಡುವ ದಿನ ಗೋಡೆಯ ಮೇಲಿನ ಸರಸ್ವತಿ ಫೋಟೋ ಕೆಳಗಿಳಿದು ಮೇಜಿನ ಮೇಲೆ ಕೂಡುತ್ತದೆ. ಹುಡುಗಿಯರು ಸೇವಂತಿಗೆ ಮಾಲೆ ತರುತ್ತಾರೆ, ಊದಿನಕಡ್ಡಿ ಹಚ್ಚುತ್ತಾರೆ, ಪುಸ್ತಕಗಳಿಗೆ ಕುಂಕುಮ ಬೀಳುತ್ತದೆ. ಕಾಯಿ ಒಡೆದು, ಆರತಿ ಆಗಿ, ಚುನಮರಿ-ಪುಟಾಣಿ-ಸಕ್ಕರೆಯ ಪ್ರಸಾದ ಕೈಗೆ ಬಂದರೆ ಮುಗಿಯಿತು. ಮಕ್ಕಳ ಮುಖದ ಸಂಭ್ರಮ ದೊಡ್ಡದು, ಅದನ್ನು ಕಿತ್ತುಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಅಂದು ಬೆಳಗಿನಿಂದ ಸಂಜೆಯವರೆಗೆ ಈಕೆ ಯಾರು, ಕೈಯಲ್ಲಿ ವೀಣೆ ಯಾಕೆ, ಪುಸ್ತಕಕ್ಕೆ ಯಾಕೆ ಕೈ ಮುಗಿಯುತ್ತೇವೆ ಎಂದು ಯಾರೂ ಹೇಳುವುದಿಲ್ಲ. ಬಾಗಿಲ ಬಳಿ ನಿಂತ, ಮನೆಯಲ್ಲಿ ಈ ರೂಢಿ ಇಲ್ಲದ ಹುಡುಗಿಗೆ ಅಂದು ಎಲ್ಲಿ ನಿಲ್ಲಬೇಕು ಎಂಬುದನ್ನೂ ಯಾರೂ ಹೇಳಿಕೊಡುವುದಿಲ್ಲ.

ಜಯಂತಿಗಳದೂ ಇದೇ ಕಥೆ. ಬಸವ ಜಯಂತಿ, ವಾಲ್ಮೀಕಿ ಜಯಂತಿ, ಕನಕ ಜಯಂತಿ ಎಂದು ಪಟ್ಟಿ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಫೋಟೋಕ್ಕೆ ಹಾರ, ಒಂದು ಭಾಷಣ, ಅಲ್ಲಿಗೆ ಆಯಿತು. ಇದರಿಂದ ಮಕ್ಕಳ ತಲೆಯಲ್ಲಿ ಉಳಿದದ್ದೇನು ಎಂದು ವಿಚಾರಿಸಿದರೆ ದುಃಖವಾಗುತ್ತದೆ: ಯಾವ ಸಂತ ಯಾವ ಜಾತಿಯವರಿಗೆ ಸೇರಿದವನು ಎಂಬ ಹಂಚಿಕೆ. ಜಾತಿ ಮೀರಿ ನಿಂತವರ ಹೆಸರಿನಲ್ಲೇ ಜಾತಿಯ ಗುರುತು ಕಲಿಸಿದ್ದು ಈ 75 ವರ್ಷಗಳ ದೊಡ್ಡ ಸೋಲು. ಅದನ್ನು ಯಾವ ಪಕ್ಷದ ಮೇಲೂ ಹೊರಿಸುವಂತಿಲ್ಲ, ಎಲ್ಲ ಸರಕಾರಗಳ ಕಾಲದಲ್ಲೂ ಅದು ನಡೆದಿದೆ.

ಸಲಹೆಗಳಿಗೆ ಕೊರತೆ ಇರಲಿಲ್ಲ. 1948-49ರ ರಾಧಾಕೃಷ್ಣನ್ ಆಯೋಗ ದಿನದ ಆರಂಭದಲ್ಲಿ ಕೆಲ ನಿಮಿಷಗಳ ಮೌನ ಧ್ಯಾನ ಇರಲಿ ಎಂದಿತ್ತು. 1959ರಲ್ಲಿ ನೇಮಕವಾದ ಶ್ರೀಪ್ರಕಾಶ ಸಮಿತಿ ಪ್ರಾಥಮಿಕ ಹಂತಕ್ಕೆಂದೇ ಯೋಚಿಸಿತು: ಸಂತರ, ಪ್ರವಾದಿಗಳ ಸರಳ ಕಥೆಗಳು ಭಾಷಾ ಪಾಠದಲ್ಲಿ ಬರಲಿ, ಧರ್ಮಗಳಿಗೆ ಸೇರಿದ ಶಿಲ್ಪ-ವಾಸ್ತುಗಳ ಒಳ್ಳೆಯ ಚಿತ್ರಗಳನ್ನು ಮಕ್ಕಳಿಗೆ ತೋರಿಸಿ ಎಂದಿತು. 1964-66ರ ಕೊಠಾರಿ ಆಯೋಗವೂ ಧಾರ್ಮಿಕ ಬೋಧನೆ ಬೇಡ, ಧರ್ಮಗಳ ಬಗ್ಗೆ ತಿಳಿವಳಿಕೆ ಬೇಕು ಎಂದಿತು. ಕಥೆಗಳ ಮಟ್ಟಿಗೆ ನಮ್ಮ ಕನ್ನಡ ಪಠ್ಯಪುಸ್ತಕಗಳು ಮಾತು ನಡೆಸಿಕೊಟ್ಟಿವೆ ಎನ್ನಬೇಕು. ಬಸವಣ್ಣ, ಪುರಂದರದಾಸ, ಶಿಶುನಾಳ ಷರೀಫರು ಪಾಠಗಳಲ್ಲಿ ಬಂದಿದ್ದಾರೆ. ಉಳಿದದ್ದು ವರದಿಯಲ್ಲೇ ಉಳಿಯಿತು.

ನಮ್ಮ ರಾಜ್ಯದಲ್ಲಿ ಈ ವಿಷಯಕ್ಕೆ ಸಿಕ್ಕ ಗಮನವೆಲ್ಲ ಜಗಳದ ರೂಪದಲ್ಲೇ ಸಿಕ್ಕಿತು. 2011ರಲ್ಲಿ ಸೋಂದಾ ಸ್ವರ್ಣವಲ್ಲಿ ಮಠದ ಭಗವದ್ಗೀತಾ ಅಭಿಯಾನ ಶಾಲೆಗಳಿಗೆ ಬಂದಾಗ ವಿವಾದ ಹೈಕೋರ್ಟಿನವರೆಗೆ ಹೋಯಿತು. 2020ರ ಕೊನೆಯಲ್ಲಿ 6ನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಹೊಸ ಧರ್ಮಗಳ ಉದಯಕ್ಕೆ ಯಜ್ಞಯಾಗಗಳನ್ನೂ ಕಾರಣವಾಗಿ ಹೇಳಿದ್ದ ಭಾಗವನ್ನು ಕೈಬಿಡಲು ಸೂಚನೆ ಹೋಯಿತು. 2022ರಲ್ಲಿ ನೈತಿಕ ಶಿಕ್ಷಣದ ಹೆಸರಿನಲ್ಲಿ ಗೀತೆಯ ಮಾತು ಮತ್ತೆ ಎದ್ದಿತು. ಅದೇ ವರ್ಷ ಪರಿಷ್ಕೃತ ಪಠ್ಯದ ಬಸವಣ್ಣನ ಪಾಠಕ್ಕೆ ಮಠಾಧೀಶರೇ ತಕರಾರು ತೆಗೆದರು. 2023ರಲ್ಲಿ ಸರಕಾರ ಬದಲಾದೊಡನೆ ಪಾಠಗಳೂ ಮತ್ತೆ ಬದಲಾದವು. ಇಷ್ಟೆಲ್ಲ ಗದ್ದಲದಲ್ಲಿ ಮೇಲಿನ ತರಗತಿಗಳ ಪುಸ್ತಕದ ಮಾತು ಬಂತು, ಗ್ರಂಥದ ಮಾತು ಬಂತು. ಆರರಿಂದ ಹತ್ತು ವರ್ಷದ ಮಗು ಏನು ಕೇಳುತ್ತದೆ ಎಂಬ ಮಾತು ಬರಲಿಲ್ಲ. ಗೀತೆ ದೊಡ್ಡ ಗ್ರಂಥ, ಅದರ ಮೇಲೆ ನಮಗೆ ಅಪಾರ ಗೌರವ. ಆದರೆ ಯುದ್ಧಭೂಮಿಯಲ್ಲಿ ಹಿರಿಯನೊಬ್ಬನಿಗೆ ಎದುರಾದ ಸಂಕಟವನ್ನು ಎರಡನೆಯ ಇಯತ್ತೆಯ ಕೂಸಿಗೆ ಬಾಯಿಪಾಠ ಮಾಡಿಸಿದರೆ ಗೀತೆಗೂ ನ್ಯಾಯವಿಲ್ಲ, ಕೂಸಿಗೂ ಇಲ್ಲ.

ಆ ಕೂಸಿನ ಪ್ರಶ್ನೆಗಳು ಬೇರೆ ಥರ ಇರುತ್ತವೆ. ಆಷಾಢದ ಮಂಗಳವಾರ ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಅಂಟಿಸಿ ಸಿಂಗರಿಸಿದ ಹುಡುಗಿ ಮರುದಿನ ಕೇಳಬಹುದಾದ ಪ್ರಶ್ನೆ ಇದು: “ಅಕ್ಕಾರ, ಗುಳ್ಳವ್ವನ್ನ ನಾವ ಮಾಡಿದ್ವಿ. ಮತ್ತ ಅಕಿ ದೇವರು ಹೆಂಗ ಆದ್ಲರೀ?” ದೊಡ್ಡ ದೊಡ್ಡ ಪಂಡಿತರು ಚರ್ಚಿಸಿದ ಪ್ರಶ್ನೆಯೇ ಇದು. ಆವಾಹನೆ, ಪ್ರಾಣಪ್ರತಿಷ್ಠೆ, ವಿಸರ್ಜನೆ ಎಂಬ ವಿಚಾರಗಳೆಲ್ಲ ಹುಟ್ಟಿದ್ದು ಇದಕ್ಕೆ ಉತ್ತರವಾಗಿ. “ಪೂಜಿ ಮಾಡೋ ಹೊತ್ತಿಗೆ ದೇವರು ಬಂದು ಈ ಮಣ್ಣಿನಾಗ ಕುಂದ್ರಲಿ ಅಂತ ನಿಮ್ಮನಿಯವರು ಕರೀತಾರ. ಪೂಜಿ ಮುಗದ ಮ್ಯಾಲ ಹೋಗಿ ಬಾ ಅಂತ ಕಳಸ್ತಾರ. ಅದಕ್ಕ ಮಣ್ಣು ಮತ್ತ ಮಣ್ಣಿಗೆ ಹೋಗ್ತದ.” ಇಷ್ಟು ಹೇಳಿದರೆ ಸಾಕು, ಮಗುವಿಗೆ ತಿಳಿಯುತ್ತದೆ. ಹೇಳುವ ಅಕ್ಕೋರು ಯಾರನ್ನೂ ನಂಬಿಸಿದಂತೆಯೂ ಆಗಲಿಲ್ಲ, ಯಾರ ನಂಬಿಕೆ ಕೆಡಿಸಿದಂತೆಯೂ ಆಗಲಿಲ್ಲ. ಪಕ್ಕದಲ್ಲಿ ಕುಳಿತ ಮಗು “ನಮ್ಮನಿಯಾಗ ಮೂರ್ತಿಗೆ ಪೂಜಿ ಮಾಡಂಗಿಲ್ಲರೀ” ಎಂದರೆ ಅದೂ ಪಾಠವೇ. ಮಾಡದಿರುವುದಕ್ಕೂ ಒಂದು ಕಾರಣ ಇರುತ್ತದೆ, ಅದನ್ನೂ ಕೇಳಿ ತಿಳಿಯಬಹುದು.

ಉಣಕಲ್ಲಿನಂಥ ಊರಿನಲ್ಲಿ ಈ ಪಾಠ ಸಲೀಸಲ್ಲ ಎಂಬುದನ್ನು ಮರೆಮಾಚಬಾರದು. ಬ್ರಹ್ಮ ಸೃಷ್ಟಿಸುತ್ತಾನೆ, ವಿಷ್ಣು ಕಾಯುತ್ತಾನೆ, ಶಿವ ಲಯ ಮಾಡುತ್ತಾನೆ ಎಂದು ಶುರುಮಾಡುವ ಪುಸ್ತಕದ ಮಾತು ಇಲ್ಲಿಯ ತರಗತಿಗೆ ಒಗ್ಗುವುದಿಲ್ಲ. ಇಲ್ಲಿಯ ಅನೇಕ ಮಕ್ಕಳು ಲಿಂಗಾಯತ ಮನೆಗಳವರು. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡುವ ಹಿರಿಯರನ್ನು ದಿನಾ ನೋಡುವವರು. ಲಿಂಗಾಯತ ಪ್ರತ್ಯೇಕ ಧರ್ಮವೇ ಎಂಬ ಪ್ರಶ್ನೆ 2018ರ ಮಾರ್ಚಿನಲ್ಲಿ ನಾಗಮೋಹನದಾಸ್ ಸಮಿತಿಯ ವರದಿಯ ಮೇಲೆ ರಾಜ್ಯದ ಶಿಫಾರಸಾಗಿ ದಿಲ್ಲಿಗೆ ಹೋಯಿತು, ಕೇಂದ್ರ ಒಪ್ಪಲಿಲ್ಲ. ಒಂದೇ ಮನೆಯಲ್ಲಿ ಅಪ್ಪನದೊಂದು ಅಭಿಪ್ರಾಯ, ಕಾಕಾನದೊಂದು ಅಭಿಪ್ರಾಯ ಇದೆ. ಇದನ್ನು ತೀರ್ಮಾನಿಸುವುದು ಶಾಲೆಯ ಅಕ್ಕೋರ ಕೆಲಸವಲ್ಲ. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ, ಹಣೆಗೆ ಏನು ಹಚ್ಚುತ್ತಾರೆ, ಯಾಕೆ ಹಚ್ಚುತ್ತಾರೆ ಎಂದು ಕೇಳಿ ಬರಲು ಮಕ್ಕಳನ್ನು ಕಳಿಸುವುದು ಆಕೆಯ ಕೆಲಸ. ವಿಭೂತಿ, ಕುಂಕುಮ, ಗಂಧ, ಭಂಡಾರ ಎಲ್ಲವೂ ಮರುದಿನ ಫಲಕದ ಮೇಲೆ ಬರುತ್ತವೆ. ಏನೂ ಹಚ್ಚದ ಹಣೆಯೂ ಬರುತ್ತದೆ. ಮೊಹರಮ್ಮಿನಲ್ಲಿ ಡೋಲಿಗೆ ಸಕ್ಕರೆ ಓದಿಸುವ ಹಿಂದೂ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟಿವೆ! ಅದನ್ನೂ ಯಾವುದೋ ಮಗು ಹೇಳಿಯೇ ಹೇಳುತ್ತದೆ.

ಈ ಸೀಮೆಗೆ ಇದು ಹೊಸದೇನಲ್ಲ. ಶಿಶುನಾಳದ ಷರೀಫರು (1819-1889) ಕೆಲಕಾಲ ಶಾಲಾ ಮಾಸ್ತರರಾಗಿದ್ದವರು, ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಬಳಿ ಕಲಿತವರು. ಹುಬ್ಬಳ್ಳಿಯ ಸಿದ್ಧಾರೂಢರ (1836-1929) ಮಠಕ್ಕೆ ಜಾತಿ ಕೇಳದೆ ಜನ ಬಂದರು. ಇಂಥ ನೆಲದಲ್ಲಿ ಧರ್ಮದ ಮಾತು ತೆಗೆದರೆ ಜಗಳವಾದೀತು ಎಂದು ಶಾಲೆಗಳು ಅಂಜಿ ಕೂಡುವುದು ನಮ್ಮ ಹಿರಿಯರಿಗೆ ಮಾಡುವ ಅವಮಾನ.

ಬೇರೆಯವರು ಇದನ್ನು ಹೇಗೆ ನಿಭಾಯಿಸಿದ್ದಾರೆ ಎಂದು ನೋಡುವುದೂ ಒಳ್ಳೆಯದು. ಇಂಗ್ಲೆಂಡಿನ ಸರಕಾರಿ ಶಾಲೆಗಳಲ್ಲಿ ಧರ್ಮದ ಪಾಠ ಕಡ್ಡಾಯ. 1988ರ ಶಿಕ್ಷಣ ಕಾಯ್ದೆಯ ಪ್ರಕಾರ ಕ್ರೈಸ್ತ ಧರ್ಮಕ್ಕೆ ಹೆಚ್ಚಿನ ಜಾಗ ಇದ್ದರೂ ಅಲ್ಲಿರುವ ಇತರ ಮುಖ್ಯ ಧರ್ಮಗಳನ್ನೂ ಹೇಳಿಕೊಡಬೇಕು. ಬೇಡವೆಂದರೆ ಪಾಲಕರು ಮಗುವನ್ನು ಆ ತರಗತಿಯಿಂದ ಬಿಡಿಸಿಕೊಳ್ಳಬಹುದು. ಅಲ್ಲಿಯ ಶಿಕ್ಷಕಿ ಒಂದು ತಟ್ಟೆ ತರುತ್ತಾಳೆ. ಅದರಲ್ಲಿ ಗಂಟೆ, ನೀಲಾಂಜನ, ಊದಿನಕಡ್ಡಿ, ಕುಂಕುಮದ ಬಟ್ಟಲು, ನೀರಿನ ಗಿಂಡಿ, ಚಮಚ. ಗಂಟೆ ಕಿವಿಗೆ, ದೀಪ ಕಣ್ಣಿಗೆ, ಊದಿನಕಡ್ಡಿ ಮೂಗಿಗೆ, ಪ್ರಸಾದ ನಾಲಿಗೆಗೆ ಎಂದು ಇಂದ್ರಿಯಗಳ ಮೇಲೆ ಪಾಠ ಸಾಗುತ್ತದೆ. ಲಂಡನ್ನಿನ ನೀಸ್ಡನ್‌ನಲ್ಲಿ 1995ರಲ್ಲಿ ಆರಂಭವಾದ ಸ್ವಾಮಿನಾರಾಯಣ ಮಂದಿರಕ್ಕೆ ಶಾಲಾ ಮಕ್ಕಳು ಸಾಲಾಗಿ ಹೋಗುತ್ತಾರೆ. ಆ ಮಕ್ಕಳು ಕೈ ಮುಗಿಯಲೇಬೇಕೆಂದಿಲ್ಲ, ಆದರೆ ಏನು ನಡೆಯುತ್ತಿದೆ ಎಂದು ತಿಳಿದುಕೊಂಡೇ ಹೊರಬರುತ್ತಾರೆ. ಆ ಪಾಠದಲ್ಲೂ ಕೊರತೆ ಇದೆ. ತ್ರಿಮೂರ್ತಿ, ಕರ್ಮ, ಪುನರ್ಜನ್ಮ ಎಂಬ ಅಚ್ಚಿನೊಳಗೆ ನಮ್ಮ ದ್ಯಾಮವ್ವ, ದುರ್ಗವ್ವ, ಯಲ್ಲಮ್ಮರಿಗೆ ಜಾಗ ಸಿಕ್ಕುವುದಿಲ್ಲ. ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ 2015ರ ನವೆಂಬರ್ 14ರಂದು ಬಸವಣ್ಣನ ಪುತ್ಥಳಿ ಅನಾವರಣವಾಯಿತು. ಅಲ್ಲಿಯ ಕನ್ನಡದ ಮಗು ಅದರ ಮುಂದೆ ನಿಂತು ಕೇಳುವ ಪ್ರಶ್ನೆಗೆ ಶಾಲೆಯ ತಟ್ಟೆಯಲ್ಲಿ ಉತ್ತರವಿಲ್ಲ. ಆದರೂ ಆ ತಟ್ಟೆ ಒಂದು ಶಿಸ್ತನ್ನು ತೋರಿಸಿಕೊಟ್ಟಿದೆ. ಪೂಜೆ ಮಾಡಿಸದೆಯೇ ಪೂಜೆಯನ್ನು ಪೂರ್ತಿ ಗೌರವದಿಂದ ಕಲಿಸಬಹುದು. ನಮ್ಮಲ್ಲಿ ತಟ್ಟೆ ಮನೆಮನೆಯಲ್ಲಿದೆ, ಆ ಶಿಸ್ತು ಮಾತ್ರ ಬಂದಿಲ್ಲ.

ಉಣಕಲ್ಲಿನ ಶಿಕ್ಷಕರಿಗಂತೂ ತಟ್ಟೆಯೂ ಬೇಕಿಲ್ಲ, ಚಂದ್ರಮೌಳೇಶ್ವರ ಗುಡಿ ಇದೆ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಅದು. 2010ರ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿರ್ಮಾಣ ನಿಷೇಧಿತ ಪ್ರದೇಶ. ಗುಡಿಗೆ ಆತುಕೊಂಡೇ ಬದುಕಿದ ಮನೆಗಳವರಿಗೆ ಇದರಿಂದ ಆದ ತೊಂದರೆ ಸಣ್ಣದಲ್ಲ. ಊರಿನ ಬಾಯಲ್ಲಿ ಗುಡಿಯ ಹೆಸರು ಬಂದಾಗೆಲ್ಲ ಈ ವ್ಯಾಜ್ಯವೇ ಮುಂದೆ ಬಂದು ನಿಲ್ಲುತ್ತದೆ, ಗುಡಿ ಹಿಂದೆ ಬೀಳುತ್ತದೆ. ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಎಣಿಸಲು ಹೇಳಿ. ನಾಲ್ಕೂ ದಿಕ್ಕಿಗೆ ಬಾಗಿಲು ಯಾಕೆ ಎಂದು ಅವರೇ ಕೇಳುತ್ತಾರೆ. ಒಳಗಿನ ನಾಲ್ಕು ಮುಖದ ಲಿಂಗವನ್ನು ನೋಡಿದ ಮೇಲೆ ಉತ್ತರವನ್ನೂ ಅವರೇ ಹುಡುಕಿಕೊಳ್ಳುತ್ತಾರೆ. ಲಿಂಗಕ್ಕೆ ಮುಖ ಇರುತ್ತದೆಯೇ, ನಮ್ಮ ಅಜ್ಜನ ಕೊರಳಲ್ಲಿರುವ ಲಿಂಗಕ್ಕೆ ಯಾಕಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಲ್ಲಿನ ಜಾಲಂಧ್ರದೊಳಗಿಂದ ಬೀಳುವ ಬಿಸಿಲು, ಕುಣಿಯುವ ಗಣಪ, ನುಣ್ಣಗೆ ತಿರುಗಿಸಿದ ಕಂಬ, ಒಂದೊಂದರ ಮುಂದೆಯೂ ಅರ್ಧ ಗಂಟೆ ಕಳೆಯಬಹುದು.

ಇನ್ನೊಂದು ಸಂಗತಿಯನ್ನು ನಾಲ್ಕನೆಯ, ಐದನೆಯ ತರಗತಿಯ ಮಕ್ಕಳಿಗೆ ಹೇಳಲೇಬೇಕು. ಇಂಥ ಕಲ್ಲಿನ ಗುಡಿಗಳು ಏಳುತ್ತಿದ್ದದ್ದು 11-12ನೆಯ ಶತಮಾನದಲ್ಲಿ. ದೇಹವೇ ದೇಗುಲ ಎಂದು ಬಸವಣ್ಣನವರು ಕಲ್ಯಾಣದಲ್ಲಿ ಸಾರಿದ್ದೂ ಆ 12ನೆಯ ಶತಮಾನದಲ್ಲೇ. ಒಂದೇ ಕಾಲ, ಒಂದೇ ಚಾಲುಕ್ಯರ ನಾಡು, ಒಂದೇ ಶಿವ. ಕೆಲವರು ಅವನಿಗೆ ಕಲ್ಲಿನಲ್ಲಿ ಮನೆ ಕಟ್ಟಿದರು, ಕೆಲವರು ಅವನನ್ನು ಅಂಗೈಗೆ ತಂದುಕೊಂಡರು. ಧರ್ಮದೊಳಗೇ ವಾದ ಇರುತ್ತದೆ, ವಾದ ಇದ್ದೂ ಎರಡೂ ಕಡೆಯವರು ಒಂದೇ ಕೆರೆಯ ನೀರು ಕುಡಿದು ಬಾಳುತ್ತಾರೆ ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ಜಾಗ ಈ ಜಿಲ್ಲೆಯಲ್ಲಿ ನಮಗೆ ತಿಳಿದಿಲ್ಲ.

ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಅವರ ತರಬೇತಿಯಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಜಾಗವಿಲ್ಲ, ಏನಾದರೂ ಮಾತಾಡಿದರೆ ಮೊಬೈಲಿನಲ್ಲಿ ಚಿತ್ರೀಕರಣವಾಗಿ ಊರೆಲ್ಲ ಹರಿದಾಡುವ ಭಯ ಬೇರೆ. ದುಡ್ಡಿದ್ದವರು ರಜೆಯ ಶಿಬಿರಕ್ಕೋ ಭಾನುವಾರದ ಸಂಸ್ಕಾರ ವರ್ಗಕ್ಕೋ ಮಕ್ಕಳನ್ನು ಕಳಿಸುತ್ತಾರೆ. ಅಲ್ಲಿ ಸಿಗುವುದು ಒಂದು ಪಂಥದ ಮಾತು, ಅದು ಆ ಪಾಲಕರ ಹಕ್ಕು. ಸರಕಾರಿ ಕನ್ನಡ ಶಾಲೆಗೆ ಬರುವ ಗೌಂಡಿಯ ಮಗಳಿಗೆ, ಹಮಾಲರ ಮಗನಿಗೆ ಅದೂ ಇಲ್ಲ. ಆ ಮಕ್ಕಳಿಗೆ ಧರ್ಮ ಸಿಗುವುದು ಡಿಜೆ ಮೆರವಣಿಗೆಯಲ್ಲಿ ಮತ್ತು ಮೊಬೈಲಿನಲ್ಲಿ. ನಮ್ಮ ಚಿಂತೆ ಇರುವುದು ಅವರ ಬಗ್ಗೆ.

ಹೊಸ ಪಠ್ಯಪುಸ್ತಕಕ್ಕೆ, ಹೊಸ ಸಮಿತಿಗೆ, ಹೊಸ ಸರಕಾರಕ್ಕೆ ಕಾಯಬೇಕಾಗಿಲ್ಲ. ಶಾಲೆ ತೆರೆದ ತಿಂಗಳೊಪ್ಪತ್ತಿನಲ್ಲಿ ಕಾರಹುಣ್ಣಿಮೆ ಬರುತ್ತದೆ, ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಅದರ ಬೆನ್ನಿಗೆ ಆಷಾಢದ ಗುಳ್ಳವ್ವ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮೊದಲ ಸಭೆಯಲ್ಲೇ ಪಾಲಕರ ಮುಂದೆ ಈ ಮಾತು ಇಡಬಹುದು: ವಾರಕ್ಕೊಂದು ಅವಧಿ ನಮ್ಮೂರ ಹಬ್ಬಗಳ ಬಗ್ಗೆ ಮಾತು, ಶಾಲೆಯಲ್ಲಿ ನಡೆಯುವ ಪೂಜೆಗೆ ಪಾಲಕರ ಒಪ್ಪಿಗೆ, ಬೇಡವೆಂದ ಮಗುವಿಗೆ ಅದೇ ಕೋಣೆಯಲ್ಲಿ ಗೌರವದ ಜಾಗ. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಕುಂಬಾರರೊಬ್ಬರನ್ನು ಶಾಲೆಗೆ ಕರೆಸಿದರೆ ಎಲ್ಲ ಮನೆಯ ಮಕ್ಕಳೂ ಮಣ್ಣು ಕಲಸಿ ಜೋಡೆತ್ತು ಮಾಡುತ್ತಾರೆ. ಅದನ್ನು ಮನೆಗೊಯ್ದು ಪೂಜೆಗಿಡುವ ಮಗು ಇಡಲಿ, ಆಟಕ್ಕಿಡುವ ಮಗು ಆಟಕ್ಕಿಡಲಿ. ಎತ್ತಿಗೆ ಯಾಕೆ ಕೈ ಮುಗಿಯುತ್ತಾರೆ ಎಂದು ಹೇಳಲು ಉಣಕಲ್ಲಿನಲ್ಲಿ ಇನ್ನೂ ಒಕ್ಕಲುತನ ಮಾಡುವ ಅಜ್ಜಂದಿರಿದ್ದಾರೆ. ಅವರಿಗೆ ಈಗಲೇ ಹೇಳಿ ಕಳಿಸಬೇಕು.